ದಿಮ್ಮಿಯ ಆಚೆಗಿನ ಹತ್ತನೆಯ ತರಗತಿ

ಶಾಲೆ ತೆರೆಯುವ ಮುಂಚೆ ನೀರಿನ ಟ್ಯಾಂಕ್ ತೊಳೆಸುವುದು ಪ್ರತಿ ವರ್ಷದ ಕೆಲಸ. ಈ ಸಲ ಮುಂಡಗೋಡದ ನಮ್ಮ ಪ್ರೌಢಶಾಲೆಯಲ್ಲಿ ಆ ಕೆಲಸ ನಡೆದಿತ್ತು. ನಾನು ಒಳಗೆ ಹೊಸ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತ ಕೂತಿದ್ದೆ. ಕಿಟಕಿಯಿಂದ ಬ್ಲೀಚಿಂಗ್ ಪೌಡರಿನ ಘಾಟು ನುಗ್ಗಿತು, ಕಣ್ಣಲ್ಲಿ ನೀರು ತುಂಬಿತು. ಪಕ್ಕದಲ್ಲಿದ್ದ ಹೊಸ ಟೀಚರು, ಅಲರ್ಜಿ ಇದೆಯೇ ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಆ ಹುಡುಗಿಗೆ 2020ರ ಮಳೆಗಾಲದ ಕತೆ ಹೇಳಲು ಕೂತಿದ್ದರೆ ಇಬ್ಬರಿಗೂ ಮಧ್ಯಾಹ್ನದ ಊಟ ತಪ್ಪುತ್ತಿತ್ತು.

ಆ ವರ್ಷ ನಾನು ಹಳಿಯಾಳ ತಾಲೂಕಿನಲ್ಲಿ, ದಾಂಡೇಲಿ ಕಡೆಯ ಕಾಡಂಚಿನ ಒಂದು ಹಳ್ಳಿಯಲ್ಲಿ ಗಣಿತ ಕಲಿಸುತ್ತಿದ್ದೆ. ಮುಖ್ಯೋಪಾಧ್ಯಾಯರು ನಿವೃತ್ತರಾಗಿದ್ದರಿಂದ ಪ್ರಭಾರವೂ ನನ್ನ ಕೊರಳಿಗೆ ಬಿದ್ದಿತ್ತು. ಗಂಡ, ಮಗ ಧಾರವಾಡದಲ್ಲಿ. ನಾನು ಇಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದು ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಮನೆಗೆ ಹೋಗಿ ಬರುತ್ತಿದ್ದೆ. ಮಕ್ಕಳು ನನಗೆ ಹೆದರುತ್ತಿದ್ದರು. ಅದು ನನಗೆ ಗೊತ್ತಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳುವುದರಲ್ಲಿ ಈಗ ನಾಚಿಕೆ ಏನಿಲ್ಲ.

ಶಾಲೆ ಡಾಂಬರು ರಸ್ತೆಯ ಪಕ್ಕದಲ್ಲಿ. ಅಲ್ಲಿಂದ ಸಾಗವಾನಿ ಕಾಡಿನೊಳಗೆ ಮೂರು ಕಿಲೋಮೀಟರು ನಡೆದರೆ ಹೊನ್ನೇವಾಡ. ಮೂವತ್ತು ಚಿಲ್ಲರೆ ಸಿದ್ದಿ ಮನೆಗಳ ಪುಟ್ಟ ವಾಡೆ. ಕೆಲವು ಮನೆಗಳಲ್ಲಿ ಶಿಲುಬೆ, ಕೆಲವು ಮನೆಗಳಲ್ಲಿ ದೇವರ ಜಗಲಿ. ಮಾತು, ಊಟ, ಹಾಡು, ಜಗಳ ಎಲ್ಲ ಒಂದೇ. ಹೊಲದ ಕೆಲಸವನ್ನು ಅವರು ಮುಯ್ಯಿಯಲ್ಲಿ ಮಾಡುತ್ತಾರೆ. ಇವತ್ತು ನಿನ್ನ ಗದ್ದೆಗೆ ನಾವೆಲ್ಲ, ನಾಳೆ ನಮ್ಮ ಗದ್ದೆಗೆ ನೀನು. ಇಳಿದ ಗದ್ದೆಯ ಕೆಲಸವನ್ನು ಮುಗಿಸದೆ ಇನ್ನೊಂದು ಗದ್ದೆಗೆ ಕಾಲಿಡುವ ಪದ್ಧತಿ ಅವರಲ್ಲಿಲ್ಲ. ಊರಿನ ಹಿರಿಯನಿಗೆ ಬುಧವಂತ ಎನ್ನುತ್ತಾರೆ. ಆಗಿನ ಬುಧವಂತ ಇನಾಸ್ ಅಜ್ಜ. ಕಡಿಮೆ ಮಾತಿನ ಮನುಷ್ಯ, ಓದು ಬರಹ ಇಲ್ಲ, ಆದರೆ ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ.

ಆ ವಾಡೆಯಿಂದ ಅದುವರೆಗೆ ಒಂದು ಹುಡುಗಿಯೂ ಹತ್ತನೆಯ ತರಗತಿ ದಾಟಿರಲಿಲ್ಲ. ಎಂಟನೆಯದಕ್ಕೆ ಬರುವರು, ಒಂಬತ್ತರಲ್ಲಿ ಗೋವಾಕ್ಕೆ ಯಾರದ್ದೋ ಮನೆಗೆಲಸಕ್ಕೆ ಹೋಗುವರು. ಆ ವರ್ಷ ಹತ್ತರಲ್ಲಿ ಉಳಿದಿದ್ದವಳು ಜೂಲಿ ಒಬ್ಬಳೇ. ಅವಳ ತಾಯಿ ಮಾರ್ತಾ ತಾನೇ ಗೋವಾದಲ್ಲಿ ಮನೆಗೆಲಸಕ್ಕೆ ನಿಂತು ಮಗಳನ್ನು ಶಾಲೆಯಲ್ಲಿ ಇಟ್ಟಿದ್ದಳು. ಮನೆಯಲ್ಲಿ ದಮ್ಮಿನ ಅಜ್ಜಿ. ಅವಳಿಗೆ ಗಂಜಿ ಕಾಸಿಟ್ಟು ಮೂರು ಕಿಲೋಮೀಟರು ನಡೆದು ಜೂಲಿ ಮೊದಲ ಗಂಟೆಗೆ ಸರಿಯಾಗಿ ಬೆಂಚಿನ ಮೇಲೆ ಇರುತ್ತಿದ್ದಳು. ಗಣಿತದಲ್ಲಿ ಬಲು ಮಂದ. ಆದರೆ ಬಿಡುವವಳಲ್ಲ. ಒಂದು ಲೆಕ್ಕ ಬರದಿದ್ದರೆ ಆಟದ ಗಂಟೆಯಲ್ಲೂ ಅದರ ಮುಂದೆಯೇ ಕೂತಿರುತ್ತಿದ್ದಳು. ಆ ಹಟ ನನಗೆ ಬಹಳ ಮೆಚ್ಚಿಕೆ, ಇಡೀ ತರಗತಿಯೆದುರು ಹೊಗಳುತ್ತಿದ್ದೆ.

ಮಾರ್ಚಿನಲ್ಲಿ ಪರೀಕ್ಷೆಗೆ ಒಂದು ವಾರ ಕೂಡ ಇಲ್ಲದಿದ್ದಾಗ ಕೊರೊನಾಕ್ಕೆ ಎಲ್ಲ ನಿಂತಿತು. ಬಸ್ಸು ನಿಂತಿತು, ನಾನು ಹಳ್ಳಿಯಲ್ಲೇ ಸಿಕ್ಕಿಕೊಂಡೆ. ಸುತ್ತಲಿನ ವಾಡೆಗಳಿಗೆ ಹೋಗಿ ಜಾಗೃತಿ ಮೂಡಿಸಿ ಬನ್ನಿ ಎಂದು ಮೇಲಿನಿಂದ ಸೂಚನೆ ಬಂತು. ಹೊನ್ನೇವಾಡಕ್ಕೆ ಹೋಗಿ ಮೂಡಿಸಿದೆ. ಟಿವಿಯಲ್ಲಿ ನೋಡಿದ್ದನ್ನೆಲ್ಲ ಹೇಳಿದೆ. ಹೆಣಗಳ ಸಾಲು, ಉಸಿರಿಗೆ ಒದ್ದಾಡುವವರು, ಮುದುಕರಿಗೆ ಬಂದರೆ ಉಳಿಗಾಲವಿಲ್ಲ ಎನ್ನುವುದು, ಎಲ್ಲ. ಮಾತು ಮುಗಿಯುವ ಹೊತ್ತಿಗೆ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ದಮ್ಮಿನ ಅಜ್ಜಿ ನನ್ನನ್ನು ನೋಡಿದ ರೀತಿಗೆ ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಎರಡು ದಿನ ಬಿಟ್ಟು ಇನಾಸ್ ಅಜ್ಜ ಹೇಳಿ ಕಳುಹಿಸಿದ. ಗಾಳಿಗೆ ಬಿದ್ದಿದ್ದ ಒಂದು ಮತ್ತಿಮರದ ದಿಮ್ಮಿಯನ್ನು ಊರೆಲ್ಲ ಸೇರಿ ಉರುಳಿಸಿ ತಂದು ವಾಡೆಯ ದಾರಿಗೆ ಅಡ್ಡ ಹಾಕಿದ್ದರು. ಇನ್ನೊಂದು ದಾರಿಯೇ ಇಲ್ಲ, ಆಚೆ ಹಳ್ಳ. ನಿಯಮ ಮಾಡಿದ್ದೇವೆ, ನಿಮ್ಮ ಅಕ್ಷರ ಚಂದ, ಬರೆದು ಕೊಡಿ ಎಂದ. ಗೋವಾದಿಂದ, ಕೊಲ್ಹಾಪುರದಿಂದ ಜನ ವಾಪಸು ಬರತೊಡಗಿದ್ದ ದಿನಗಳವು. ನಾನು ದಿಮ್ಮಿಯ ಮೇಲೆ ನೋಟ್‌ಬುಕ್ ಇಟ್ಟು ಬರೆದೆ: ಹೊರಗೆ ಹೋದವರು, ಹೊರಗಿನಿಂದ ಬಂದವರು ಹದಿನಾಲ್ಕು ದಿನ ಹೊರಗೇ ಇದ್ದು ಆಮೇಲೆ ಒಳಗೆ ಬರತಕ್ಕದ್ದು. ಅಷ್ಟೇ ಅವರು ಹೇಳಿದ್ದು. ಆದರೆ ನಾನು ಇಷ್ಟು ವರ್ಷ ಗಣಿತ ಕಲಿಸಿದವಳು, ವಿನಾಯಿತಿ ಇರುವ ನಿಯಮ ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಕೊನೆಗೆ ನಾನಾಗಿಯೇ ಒಂದು ಸಾಲು ಸೇರಿಸಿದೆ: ಯಾರೇ ಆಗಲಿ, ಯಾವ ಕಾರಣಕ್ಕೂ ಇದನ್ನು ಮೀರತಕ್ಕದ್ದಲ್ಲ. ಗಟ್ಟಿಯಾಗಿ ಓದಿ ಹೇಳಿದೆ. ಮನೆಗೊಬ್ಬರು ಬಂದು ಹೆಬ್ಬೆಟ್ಟು ಒತ್ತಿದರು.

ಆಮೇಲೆ ನೋಡಿದರೆ ನಾನು ಹೊರಗೆ, ನನ್ನ ವಿದ್ಯಾರ್ಥಿನಿ ಒಳಗೆ.

ಮೊಬೈಲ್‌ನಲ್ಲಿ ಪಾಠ ಮಾಡಿ ಎಂದರು. ಹೊನ್ನೇವಾಡದಲ್ಲಿ ಮೊಬೈಲಿಗೆ ಬರುತ್ತಿದ್ದದ್ದು ಮಂಗಟ್ಟೆ ಹಕ್ಕಿಗಳ ಕೂಗು ಮಾತ್ರ, ಅದೂ ವಿಡಿಯೋ ತೆಗೆಯಲು ಹೋದರೆ. ಹಾಗಾಗಿ ಏಪ್ರಿಲ್ ಮೊದಲ ವಾರದಿಂದ ನಾನು ಸೈಕಲ್ಲಿನ ಕ್ಯಾರಿಯರ್‌ಗೆ ಚಿಕ್ಕ ಕರಿಹಲಗೆ ಕಟ್ಟಿಕೊಂಡು ಬೆಳಿಗ್ಗೆ ಎಂಟಕ್ಕೆ ದಿಮ್ಮಿಯ ಹತ್ತಿರ ಹೋಗತೊಡಗಿದೆ. ಹಲಗೆಯನ್ನು ಈಚೆ ಮರಕ್ಕೆ ಒರಗಿಸುವುದು. ಜೂಲಿ ಆಚೆ ಹತ್ತು ಹೆಜ್ಜೆ ದೂರ ಚಾಪೆ ಹಾಕಿ ಕೂರುವುದು. ನನ್ನ ಗಂಟಲಿಗೆ ಇಡೀ ಮೈದಾನ ಹೆದರುತ್ತಿತ್ತು, ಅದು ಅಲ್ಲಿ ಕೆಲಸಕ್ಕೆ ಬಂತು. ಕ್ರಮೇಣ ಐದರವರು, ಏಳರವರು, ಶಾಲೆ ಬಿಟ್ಟು ನಾಲ್ಕು ವರ್ಷವಾದವರು ಕೂಡ ಬಂದು ಅವಳ ಹಿಂದೆ ಕೂರತೊಡಗಿದರು. ವಿಜ್ಞಾನದ ಮಾಸ್ತರು ಕುಮಟಾದಲ್ಲಿ ಸಿಕ್ಕಿಕೊಂಡಿದ್ದರು. ಸಂಜೆ ಅವರಿಂದ ಫೋನಿನಲ್ಲಿ ಪಾಠ ಹೇಳಿಸಿಕೊಂಡು ಬೆಳಿಗ್ಗೆ ನಾನು ಒಪ್ಪಿಸುತ್ತಿದ್ದೆ. ಆ ವಯಸ್ಸಿನಲ್ಲಿ ನಾನು ಮತ್ತೆ ಹತ್ತನೆಯ ತರಗತಿ ಓದಿದೆ. ದಿಮ್ಮಿ ಮಾತ್ರ ಒಂದು ದಿನವೂ ಯಾರೂ ದಾಟಲಿಲ್ಲ. ರೇಷನ್ ಅಕ್ಕಿಯ ಚೀಲವನ್ನೂ ಈಚೆ ಇಟ್ಟು ನಾವು ಹಿಂದೆ ಸರಿದ ಮೇಲೆ ಅವರು ಒಯ್ಯುತ್ತಿದ್ದರು.

ಹೀಗೇ ಒಂದು ಬೆಳಿಗ್ಗೆ ಸಮಾಂತರ ಶ್ರೇಢಿಯ ಪಾಠ ನಡೆದಿದ್ದಾಗ ನನ್ನ ಬೆನ್ನ ಹಿಂದೆ ಯಾರೋ ಬಂದು ನಿಂತರು. ಮಾರ್ತಾ. ಗೋವಾದ ಗಡಿಯಿಂದ ಅಣಶಿ, ಜೋಯಿಡಾ ಕಾಡುಗಳಲ್ಲಿ ನಡೆದು ಬಂದಿದ್ದಳು. ಎಷ್ಟು ದಿನ ಎಂದು ಅವಳಿಗೂ ಸರಿಯಾಗಿ ನೆನಪಿರಲಿಲ್ಲ. ತಲೆಯ ಮೇಲೆ ಗಂಟು, ಪಾದಗಳು ಬಾತುಕೊಂಡಿದ್ದವು. ಜೂಲಿ ಎದ್ದು ಓಡಿ ಬರಹೋದಳು. ಮಾರ್ತಾ ಕೈ ಎತ್ತಿ ಅವಳನ್ನು ಅಲ್ಲೇ ನಿಲ್ಲಿಸಿದಳು. ದಾರಿಯಲ್ಲೇ ಅವಳಿಗೆ ನಿಯಮದ ಸುದ್ದಿ ಸಿಕ್ಕಿತ್ತು. ಅತ್ತೆ ಹೇಗಿದ್ದಾಳೆ ಎಂದು ಕೇಳಿದಳು, ಮಗಳು ಹೇಳಿದಳು, ಅಷ್ಟೇ. ಹದಿನಾಲ್ಕು ದಿನ ಅವಳು ದಿಮ್ಮಿಯ ಈಚೆ, ಹೊಲ ಕಾಯುವ ಅಟ್ಟದಲ್ಲಿ ಇದ್ದಳು. ಬೆಳಿಗ್ಗೆ ನನ್ನ ಪಾಠ ಶುರುವಾದರೆ ದೂರದ ನೆರಳಿನಲ್ಲಿ ಬಂದು ಕೂತು ಮಗಳನ್ನು ನೋಡುತ್ತಿದ್ದಳು. ಒಂದು ದಿನ ಜೋರು ಗಾಳಿಮಳೆ ಬಂದು ಅಟ್ಟದ ಹುಲ್ಲು ಹಾರಿಹೋಯಿತು. ಮರುದಿನ ನಾನು ಅಜ್ಜನಿಗೆ, ಇವಳೊಬ್ಬಳನ್ನು ಒಳಗೆ ಬಿಡಬಾರದೇ ಎಂದು ಕೇಳಲು ಬಾಯಿ ತೆರೆದೆ. ಮಾರ್ತಾಳೇ ಬೇಡ ಎಂದು ತಲೆ ಅಲ್ಲಾಡಿಸಿದಳು. ಅತ್ತೆಯ ದಮ್ಮು ಅವಳಿಗೆ ಗೊತ್ತಿತ್ತು.

ಮೇ ಕೊನೆಗೆ ಪರೀಕ್ಷೆಯ ಸುದ್ದಿ ಬಂತು. ಜೂನ್ ಕೊನೆಯ ವಾರ, ಹಳಿಯಾಳದಲ್ಲಿ ಕೇಂದ್ರ, ಆರು ಪತ್ರಿಕೆ. ಉಳಿದ ಮಕ್ಕಳೆಲ್ಲ ರಸ್ತೆಯ ಹಳ್ಳಿಗಳವರು, ಅವರಿಗೆ ಇಲಾಖೆ ಬಸ್ಸಿನ ವ್ಯವಸ್ಥೆ ಮಾಡಿತ್ತು. ಹೊರಗೆ ಅಂಗಡಿ ಬಾಗಿಲು ತೆರೆದಿತ್ತು, ಜನ ಓಡಾಡುತ್ತಿದ್ದರು. ಅದಕ್ಕೇ ಹೊನ್ನೇವಾಡದವರ ಹೆದರಿಕೆ ಮೊದಲಿಗಿಂತ ಹೆಚ್ಚಾಗಿತ್ತು. ನಾನು ಪ್ರವೇಶ ಪತ್ರ ಹಿಡಿದುಕೊಂಡು ದಿಮ್ಮಿಯ ಹತ್ತಿರ ಹೋದೆ. ಜೂಲಿ ಪರೀಕ್ಷೆ ಇದ್ದ ದಿನ ಹೋಗಿ ಸಂಜೆ ಮನೆಗೆ ಬರಲಿ, ಇದೊಂದಕ್ಕೆ ಒಪ್ಪಿಗೆ ಕೊಡಿ ಎಂದು ಕೇಳಿದೆ. ವಾಡೆಯವರೆಲ್ಲ ಆಚೆ ಸೇರಿದ್ದರು. ಅಜ್ಜ ಒಳಗಿಂದ ನೋಟ್‌ಬುಕ್ ತರಿಸಿ ಜೂಲಿಯ ಕೈಗೇ ಕೊಟ್ಟು ಓದು ಎಂದ.

ಅವಳು ಎದ್ದು ನಿಂತು ತರಗತಿಯಲ್ಲಿ ಓದುವಂತೆ ಸ್ಪಷ್ಟವಾಗಿ ಓದಿದಳು. ನಾನೇ ತಿದ್ದಿ ತೀಡಿದ ಉಚ್ಚಾರ. ಯಾವ ಕಾರಣಕ್ಕೂ ಎನ್ನುವಲ್ಲಿಗೆ ಬಂದಾಗ ಒಂದು ಕ್ಷಣ ತಡೆದು, ಮತ್ತೆ ಪೂರ್ತಿ ಓದಿದಳು. ನನಗೆ ಮುಖ ಎತ್ತಲಾಗಲಿಲ್ಲ.

"ಅಕ್ಕೋರ, ನೀವ ಬರದೀರಿ, ನಾವು ಹೆಬ್ಬಟ್ಟ ಒತ್ತೇವಿ," ಎಂದ ಅಜ್ಜ. "ಪೇದ್ರು ಅಪ್ಪನ ಮಣ್ಣಿಗಿ ಬಂದಾಂವ ಇಲ್ಲೇ ನಿಂತು ಅತ್ತ ಹೋದಾ. ಮಾರ್ತಾ ಮಳ್ಯಾಗ ಅಟ್ಟದಾಗ ಕುಂತ್ಲು. ಅವರಿಗೆ ಇಲ್ಲದ್ದು ಶಾಲಿ ಹುಡುಗಿಗೆ ಹೆಂಗ ಕೊಡೂದ್ರಿ?"

ಹೊರಗೆ ದುಡಿಯಲು ಹೋಗಿದ್ದ ಪೇದ್ರುವಿನ ತಂದೆ ವಾಡೆಯಲ್ಲಿ ಜಡ್ಡಾಗಿ ಮಲಗಿದ್ದದ್ದು ಗೊತ್ತಿತ್ತು. ಆ ಮುದುಕ ತೀರಿಕೊಂಡದ್ದೂ ಮಗ ಇಲ್ಲಿ ನಿಂತು ಅತ್ತದ್ದೂ ಆಗಲೇ ನನಗೆ ಗೊತ್ತಾದದ್ದು. ನಾನು ಸುಮ್ಮನೆ ಜೋರು ಮಾಡಲು ಸೇರಿಸಿದ ಸಾಲನ್ನು ಈ ಜನ ತಮ್ಮ ಹೆಣದ ಮುಂದೆಯೂ ಪಾಲಿಸಿದ್ದರು. ಅಲ್ಲಿಯೇ ದಿಮ್ಮಿಯ ಮೇಲೆ ಕೂತುಬಿಟ್ಟೆ. ಹಾಗಾದರೆ ಇವಳ ಪರೀಕ್ಷೆ ಹೋದಂತೆಯೇ ಎಂದು ಬಾಯಿಬಿಟ್ಟು ಹೇಳಿದೆ ಎಂದು ಕಾಣುತ್ತದೆ. ಆಗ ಮಾರ್ತಾ ಮುಂದೆ ಬಂದಳು. ಒಳಗೆ ಸೇರಿ ಒಂದು ತಿಂಗಳಾಗಿತ್ತಷ್ಟೇ.

"ಹೋದಂಗ ಯಾಕ್ರಿ? ಹೊರಗ ಹೋಗಬ್ಯಾಡ್ರಿ ಅಂತ ಎಲ್ಲಿ ಬರದೈತಿ? ಹದಿನಾಕ ದಿನಾ ಬಿಟ್ಟ ಬರ್ರಿ ಅಂತ ಬರದೈತಿ," ಎಂದಳು. "ಆಕಿ ಪರೀಕ್ಷಾ ಮುಗಿಸ್ಲಿ. ಮ್ಯಾಲ ಹದಿನಾಕ ದಿನಾ ಹೊರಗ ಇರ್ಲಿ. ನಾನೂ ಜೋಡಿ ಬರ್ತೇನಿ. ನಿಯಮ ನಿಯಮದಂಗ ಇರ್ಲಿ."

ಎಲ್ಲರೂ ಅವಳನ್ನೇ ನೋಡಿದರು. ಓದುವ ದಿನ, ಪರೀಕ್ಷೆಯ ದಿನ, ಮೇಲಿನ ಹದಿನಾಲ್ಕು ದಿನ ಸೇರಿಸಿದರೆ ತಿಂಗಳ ಮೇಲಾಗುತ್ತಿತ್ತು. ಅದೂ ಭತ್ತದ ನಾಟಿಯ ಹೊತ್ತು, ಒಬ್ಬರಿಗೊಬ್ಬರು ಮುಯ್ಯಿ ತೀರಿಸುವ ಕಾಲ. ಅವಳ ಗದ್ದೆ ಯಾರು ನೆಡಬೇಕು, ದಮ್ಮಿನ ಅತ್ತೆಗೆ ಯಾರು ಗಂಜಿ ಕಾಸಬೇಕು? ಅಜ್ಜ ಹೆಂಗಸರ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಕೇಳಿದ. ಅವರು ತಮ್ಮತಮ್ಮಲ್ಲೇ ಜೋರು ಜೋರಾಗಿ ಮಾತಾಡಿಕೊಂಡರು, ಜಗಳವೇ ಆಯಿತು ಎಂದುಕೊಂಡೆ. ಜಗಳವಲ್ಲ, ಮುದುಕಿ ಯಾವ ದಿನ ಯಾರ ಮನೆಯಲ್ಲಿ ಉಣ್ಣಬೇಕೆಂದು ಹಂಚಿಕೊಳ್ಳುತ್ತಿದ್ದರು. ಗದ್ದೆಯನ್ನು ಊರು ನೆಡುತ್ತದೆ, ಮಾರ್ತಾ ಬಂದ ಮೇಲೆ ಎಲ್ಲರ ಹೊಲದಲ್ಲಿ ಕಳೆ ಕಿತ್ತು ಮುಯ್ಯಿ ತೀರಿಸಲಿ ಎಂದಾಯಿತು.

ಅವರನ್ನು ನನ್ನ ಬಾಡಿಗೆ ಮನೆಯಲ್ಲಿ ಇಟ್ಟುಕೊಳ್ಳುವುದೆಂದು ನಾನು ದೊಡ್ಡ ಮನಸ್ಸಿನಿಂದ ಹೇಳಿ ಬಂದಿದ್ದೆ. ಮನೆಯ ಮಾಲಕರು ಒಪ್ಪಲಿಲ್ಲ. ಈ ಹೊತ್ತಿನಲ್ಲಿ ಹೊರಗಿನವರು ಬೇಡ ಎಂದರು. ಜಡ್ಡಿನ ಹೆದರಿಕೆಯೋ, ಬರುವವರು ಸಿದ್ದಿಗಳೆಂಬ ಕಾರಣವೋ, ನಾನು ಕೇಳಲಿಲ್ಲ. ಕೇಳಿದ್ದರೆ ಜಗಳ ಮುಗಿಯುತ್ತಿರಲಿಲ್ಲ. ಹಾಗಾದರೆ ನಾನೂ ಹೊರಗಿನವಳೇ ಎಂದು ಹೇಳಿ ನನ್ನ ಹಾಸಿಗೆ ಸುತ್ತಿಕೊಂಡು ಶಾಲೆಗೆ ನಡೆದೆ. ಧಾರವಾಡದಿಂದ ಗಂಡ ಫೋನ್ ಮಾಡಿ, ಈ ವಯಸ್ಸಿನಲ್ಲಿ ಹಾಸ್ಟೆಲ್ ಸೇರಿದೆಯಾ ಎಂದು ನಕ್ಕರು. ಆದರೆ ಮರುದಿನವೇ ಯಾರದೋ ಗಾಡಿಯಲ್ಲಿ ಗ್ಯಾಸ್ ಒಲೆ ಕಳಿಸಿದರು.

ಮೇ ತಿಂಗಳಲ್ಲಿ ಹೊರಗಿನಿಂದ ಬಂದವರನ್ನು ಕೆಲವು ದಿನ ನಮ್ಮ ಶಾಲೆಯಲ್ಲೇ ಇಟ್ಟಿದ್ದರು. ಅದಕ್ಕೆ ಕೋಣೆಗಳನ್ನು ಚೆನ್ನಾಗಿ ತೊಳೆಯದೆ ಇರುವಂತಿರಲಿಲ್ಲ. ನಾನು, ಮಾರ್ತಾ, ಜೂಲಿ, ಜೊತೆಗೆ ಬಿಸಿಯೂಟದ ಅಡುಗೆಯ ಕಮಲವ್ವ, ನಾಲ್ಕು ಜನ ಇಡೀ ದಿನ ಬ್ಲೀಚಿಂಗ್ ಪೌಡರ್ ಹಾಕಿ ನೆಲ, ಗೋಡೆ, ಬೆಂಚು ತಿಕ್ಕಿದೆವು. ಕೈ ಸುಲಿಯಿತು, ಕಣ್ಣು ಕೆಂಪಾಯಿತು. ಕಮಲವ್ವನಿಗೆ ಶಾಲೆ ಮುಚ್ಚಿದಾಗಿನಿಂದ ಕೆಲಸವಿರಲಿಲ್ಲ. ಆದರೂ ದಿನಾ ಎರಡು ಹೊತ್ತು ಬಿಸಿಯೂಟದ ಒಲೆಯಲ್ಲಿ ರೊಟ್ಟಿ ಬಡಿದು ತಂದು ಅಂಗಳದಲ್ಲಿಟ್ಟು ದೂರ ಕೂತು, ನಾವು ಉಣ್ಣುವವರೆಗೆ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಯಾಕೆ ಇಷ್ಟು ಕಷ್ಟಪಡುತ್ತೀ ಎಂದು ಕೇಳಿದರೆ, ಅಡುಗೆ ಕೋಣೆಯ ಒಲೆ ತಣ್ಣಗಿದ್ದರೆ ನೋಡಲಾಗುವುದಿಲ್ಲ ಎನ್ನುತ್ತಿದ್ದಳು.

ಮಳೆ ಹಿಡಿಯಿತು. ಮಾಡಿನ ಹೆಂಚಿನ ಮೇಲೆ ಸದ್ದು ಎಷ್ಟೆಂದರೆ ಪ್ರಮೇಯ ಹೇಳಿಕೊಡಲು ನಾನು ಕೂಗಬೇಕಾಗುತ್ತಿತ್ತು. ಬೆಳಿಗ್ಗೆ ಗಣಿತ, ಮಧ್ಯಾಹ್ನ ವಿಜ್ಞಾನ, ಇಳಿಹೊತ್ತಿಗೆ ಸಮಾಜ. ಮಾರ್ತಾ ಕಿಟಕಿಯ ಬೆಳಕಿಗೆ ಕೂತು ಹಳೆ ಸೀರೆಗಳ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದಳು. ಅವರ ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂವು ಇರಬೇಕು. ಹೂವು ಇಲ್ಲದ ಕೌದಿ ಬೆತ್ತಲೆ, ಅದನ್ನು ಹೊದೆಯಲು ಕೊಡಬಾರದು ಎನ್ನುತ್ತಾರೆ. ಮಗಳಿಗೆ ಒಂದು ಮಾಸ್ಕ್ ಹೊಲಿದಳು. ಅದರ ಮೂಲೆಗೂ ಬೆರಳ ತುದಿಯಷ್ಟು ಹೂವು ಇಟ್ಟಿದ್ದಳು. ಕೇಂದ್ರದಲ್ಲಿ ಯಾರೋ ನಗಬಹುದೆಂದು ನಾನು ಹೇಳಿದೆ. ನಗಲಿ ಬಿಡಿ ಎಂದಳು.

ಪರೀಕ್ಷೆಯ ಮೊದಲ ದಿನ ಹಳಿಯಾಳದ ಕೇಂದ್ರದಲ್ಲಿ ಮಕ್ಕಳನ್ನು ಸುಣ್ಣದ ಗೆರೆಯ ಮೇಲೆ ನಿಲ್ಲಿಸಿ ಹಣೆಗೆ ಯಂತ್ರ ಹಿಡಿದು ಒಳಗೆ ಬಿಟ್ಟರು. ನಾನು ಗೇಟಿನ ಹೊರಗೆ ಮಳೆಯಲ್ಲಿ ನಿಂತು ನನ್ನ ಹದಿನೆಂಟೂ ಮಕ್ಕಳು ಒಳಗೆ ಹೋದದ್ದನ್ನು ಎಣಿಸಿದೆ. ಒಬ್ಬರೂ ತಪ್ಪಿರಲಿಲ್ಲ. ಆವತ್ತು ನನಗಾದ ಸಂತೋಷ ನನ್ನ ಮಗ ಹುಟ್ಟಿದಾಗ ಆಗಿತ್ತೋ ಇಲ್ಲವೋ ಹೇಳಲಾರೆ.

ಗಣಿತದ ದಿನ ಮಕ್ಕಳು ಹೊರಬರುವಾಗ ಎಲ್ಲರ ಕಣ್ಣುಗಳು ನಗುತ್ತಿದ್ದವು, ಮಾಸ್ಕಿನ ಮೇಲೆ ಅಷ್ಟೇ ಕಾಣುತ್ತಿತ್ತು. ಪತ್ರಿಕೆ ಸುಲಭವಿತ್ತು. ಜೂಲಿ ಕೊನೆಗೆ ಬಂದಳು. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂತು ತಿರುಗಿ, ಒಂದು ಲೆಕ್ಕ ಸಿಕ್ಕಿಬಿದ್ದಿತ್ತು, ಆದರೂ ಪೂರಾ ಮಾಡಿದೆ ಎಂದಳು. ಎರಡು ಅಂಕದ ಲೆಕ್ಕ. ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದೆ. ಒಂದು ತಾಸಿನ ಮೇಲೆ ಎಂದಳು. ಅದನ್ನು ಬಿಟ್ಟು ಮುಂದಿನದಕ್ಕೆ ಯಾಕೆ ಹೋಗಲಿಲ್ಲ ಎಂದು ನಾನು ಬಸ್ಸಿನಲ್ಲೇ ಕೂಗಿಬಿಟ್ಟೆ.

"ಹಿಡದದ್ದ ಅರ್ಧಕ್ಕ ಬಿಟ್ಟ ಹೆಂಗ ಹೋಗೂದ್ರಿ ಅಕ್ಕೋರ?" ಎಂದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಬೇರೆ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗುವುದಿಲ್ಲ, ಬಾರದ ಲೆಕ್ಕವನ್ನು ಬಿಟ್ಟು ಬರುವ ಲೆಕ್ಕಕ್ಕೆ ಹಾರುತ್ತಾರೆ. ಇವಳು ಗದ್ದೆಯಲ್ಲಿ ಬೆಳೆದವಳು, ಹಿಡಿದದ್ದನ್ನು ಮುಗಿಸಿ ಮೇಲೇಳುವವಳು. ಅದನ್ನು ನಾನು ಮೂರು ವರ್ಷ ಕಣ್ಣಾರೆ ನೋಡಿದ್ದೆ. ತಿದ್ದುವುದು ಬಿಟ್ಟು ಬೆನ್ನು ತಟ್ಟಿದ್ದೆ. ಪ್ರಮೇಯ, ಶ್ರೇಢಿ, ತ್ರಿಕೋನಮಿತಿ ಎಲ್ಲ ಕಲಿಸಿ, ಪರೀಕ್ಷೆ ಬರೆಯುವುದನ್ನೇ ಕಲಿಸಿರಲಿಲ್ಲ.

ಉಳಿದ ಪತ್ರಿಕೆಗಳು ಮುಗಿದವು. ಆಮೇಲಿನ ಹದಿನಾಲ್ಕು ದಿನ ತಾಯಿ ಮಗಳು ಶಾಲೆಯಲ್ಲೇ ಇದ್ದರು. ಹದಿನೈದನೆಯ ದಿನ ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೋದರು. ದಿಮ್ಮಿಯ ಹತ್ತಿರ ಅಜ್ಜ ತಾನೇ ಬಂದು ನಿಂತಿದ್ದನಂತೆ. ಮರುದಿನದಿಂದ ಮಾರ್ತಾ ಮುಯ್ಯಿ ತೀರಿಸಲು ಊರವರ ಗದ್ದೆಗಳಿಗೆ ಇಳಿದಳು.

ಆಗಸ್ಟ್‌ನಲ್ಲಿ ಫಲಿತಾಂಶ ಬಂತು. ಹದಿನೇಳು ಜನ ಪಾಸು. ಜೂಲಿ ಐದು ವಿಷಯದಲ್ಲಿ ಪಾಸು, ಕನ್ನಡದಲ್ಲಿ ಶಾಲೆಗೇ ಎರಡನೆಯವಳು. ಗಣಿತದಲ್ಲಿ ನಾಲ್ಕು ಅಂಕಕ್ಕೆ ಹೋಗಿತ್ತು. ಇಡೀ ಶಾಲೆಯಲ್ಲಿ ಫೇಲಾದವಳು ಅವಳೊಬ್ಬಳು, ಆಗಿದ್ದು ನನ್ನ ವಿಷಯದಲ್ಲಿ.

ಅವಳು ಆಮೇಲೆ ಪೂರಕ ಪರೀಕ್ಷೆಯಲ್ಲಿ ಪಾಸಾದಳು ಎಂದು ಈಗಲೇ ಹೇಳಿಬಿಡುತ್ತೇನೆ, ಓದುವವರು ಸುಮ್ಮನೆ ಎದೆ ಬಡಿದುಕೊಳ್ಳುವುದು ಬೇಡ. ಹಳಿಯಾಳದಲ್ಲಿ ಪಿಯುಸಿ ಓದಿದಳು, ಬಿ.ಎ. ಮುಗಿಸಿದಳು. ಗಣಿತದ ತಂಟೆಗೆ ಮತ್ತೆ ಹೋಗಲಿಲ್ಲ, ಅದಕ್ಕೆ ನನ್ನ ಬೇಸರವೇನೂ ಇಲ್ಲ. ಹೊನ್ನೇವಾಡದಿಂದ ಈಗ ಪ್ರತಿ ವರ್ಷ ಇಬ್ಬರೋ ಮೂವರೋ ಹುಡುಗಿಯರು ಹತ್ತನೆಯದಕ್ಕೆ ಕೂರುತ್ತಾರೆ. ಆದರೆ ಬ್ಲೀಚಿಂಗ್ ಪೌಡರಿನ ಘಾಟಿಗೆ ನನಗೆ ನೆನಪಾಗುವುದು ಅವಳು ಪಾಸಾದ ದಿನ ಅಲ್ಲ, ಫೇಲಾದ ಮರುದಿನ.

ಫಲಿತಾಂಶ ನೋಡಿದ ದಿನ ನನಗೆ ದಿಮ್ಮಿಯ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಕಮಲವ್ವನೇ ಹೋಗಿ ಸುದ್ದಿ ಮುಟ್ಟಿಸಿ ಬಂದಳು. ಏನಂದರು ಎಂದು ಕೇಳಿದೆ. ಮಾರ್ತಾ ಕಳೆ ಕೀಳುತ್ತಿದ್ದಳು, ಕೇಳಿಸಿಕೊಂಡು ಹೂಂ ಎಂದಳು ಅಷ್ಟೇ ಎಂದಳು ಕಮಲವ್ವ. ಹೊನ್ನೇವಾಡದಲ್ಲಿ ನಿಯಮ ಇನ್ನೂ ಇತ್ತು. ಒಮ್ಮೆ ಹೊರಗೆ ಬಂದು ಮಾರ್ತಾ ಊರಿಗೆ ಒಂದು ನಾಟಿಯ ಮುಯ್ಯಿ ಬಾಕಿ ಮಾಡಿಕೊಂಡಿದ್ದಳು. ಇನ್ನೊಮ್ಮೆ ಬಾ ಎಂದು ಕೇಳುವ ಬಾಯಿ ನನಗಿರಲಿಲ್ಲ. ಪೂರಕ ಪರೀಕ್ಷೆ ಬರೆಯಲು ಇನ್ನು ಅವಳು ಬರುವುದಿಲ್ಲ, ಹುಡುಗಿ ಗೋವಾಕ್ಕೆ ಹೋಗುತ್ತಾಳೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಆದರೂ ಒಂದು ಮಾತು ಹೇಳಲೇಬೇಕಿತ್ತು: ಸೋತದ್ದು ನೀನಲ್ಲ, ನಾನು ಎಂದು. ಬೆಳಿಗ್ಗೆ ಎದ್ದು ಆ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿಕೊಂಡು, ಹಳೆಯ ಪ್ರಶ್ನೆಪತ್ರಿಕೆಗಳನ್ನಾದರೂ ಕೊಟ್ಟು ಬರೋಣವೆಂದು ಶಾಲೆಗೆ ಹೋದೆ.

ಶಾಲೆಯ ಜಗಲಿಯ ಮೇಲೆ ತಾಯಿ ಮಗಳು ಕೂತಿದ್ದರು. ಸೀರೆಯ ನೆರಿಗೆಯ ತನಕ ಕೆಸರು. ಪಕ್ಕದಲ್ಲಿ ಚಾಪೆ, ಬಟ್ಟೆಯ ಗಂಟು, ಹತ್ತು ಸೇರಿನಷ್ಟು ಅಕ್ಕಿ.

ಜೋಡಿಸಿ ತಂದ ಮಾತು ಒಂದೂ ಸಾಲಾಗಿ ಬರಲಿಲ್ಲ. ತಪ್ಪು ನನ್ನದು, ಬಿಟ್ಟು ಮುಂದೆ ಹೋಗುವುದನ್ನು ನಾನು ಕಲಿಸಲಿಲ್ಲ ಎಂದು ಹೇಳುತ್ತ ನಾನು ಆ ಹುಡುಗಿಯೆದುರು ಅತ್ತೆ. ಜೂಲಿ ಗಾಬರಿಯಾಗಿ ಎದ್ದು ನಿಂತಳು. ನಾನು ಅಳುವುದನ್ನು ಅವಳು ನೋಡಿರಲೇ ಇಲ್ಲ. ಗದ್ದೆ ಏನು ಮಾಡಿದಿರಿ, ಅತ್ತೆ ಯಾರ ಮನೆಯಲ್ಲಿದ್ದಾರೆ, ಮತ್ತೆ ಒಂದೂವರೆ ತಿಂಗಳು ಹೊರಗೆ ಇರಬೇಕಲ್ಲ ಎಂದು ಮಾರ್ತಾಳನ್ನು ಕೇಳಿದೆ.

"ಅದೆಲ್ಲ ನಾವ ನೋಡ್ಕೊಂಡ ಬಂದೇವ್ರಿ," ಎಂದಳು ಮಾರ್ತಾ. "ಅಳೂದು ಆಮ್ಯಾಲ ಅಳ್ರಿ ಅಕ್ಕೋರ. ಬಾಗಲಾ ತಗೀರಿ, ಆಕಿ ಲೆಕ್ಕಾ ಸುರು ಮಾಡ್ಲಿ."

ಮುಖ ಒರೆಸಿಕೊಂಡು ಬೀಗ ತೆಗೆದೆ, ಮುಚ್ಚಿದ್ದ ಕೋಣೆಯಿಂದ ಬ್ಲೀಚಿಂಗ್ ಪೌಡರಿನ ಘಾಟು ಹೊರಗೆ ಬಂತು.